ಕೇಳಿದರೆ ತಪ್ಪೇನು?

ಐಟಿಐ ಮುಗಿಸಿದ ಹುಡುಗ ಅರ್ಜಿ ಹಿಡಿದು ಪೀಣ್ಯದ ಕಾರ್ಖಾನೆಗೆ ಹೋದರೆ, ಎಷ್ಟೋ ಸಲ ಮಾತಾಡುವವರು ಜೊತೆಗೆ ಬಂದ ಅಪ್ಪ: 'ಯಾವ ಕೆಲಸವಾದ್ರೂ ಕೊಡಿ ಸಾರ್.' ಅಲ್ಲಿಗೆ ಅರ್ಧ ಕೆಲಸ ಕೆಟ್ಟಂತೆ! ಸೂಪರ್‌ವೈಸರಿಗೆ ಬೇಕಾದ್ದು ಹುಡುಗನ ಬಾಯಿಂದಲೇ ಒಂದು ಮಾತು: 'ಟರ್ನರ್ ಟ್ರೇಡ್ ಸಾರ್, ಲೇತ್ ಕೆಲಸ ಗೊತ್ತು.' ಶಿಫ್ಟ್ ಬದಲಾಗುವ ಗಡಿಬಿಡಿಯಲ್ಲಿ ಹೋಗದಿದ್ದರೆ ಇನ್ನೂ ಒಳ್ಳೆಯದು.

ಅಪ್ರೆಂಟಿಸ್ ಆಗಿ ಬಾ ಎಂದಾಗ 'ಆಮೇಲೆ ಕೆಲಸ ಉಂಟಾ?' ಎಂದು ಕೇಳಲು ಮಾತ್ರ ಎಲ್ಲರಿಗೂ ಸಂಕೋಚ. ಆ ಸಂಕೋಚಕ್ಕೆ ಒಂದಿಡೀ ವರ್ಷ ತೆತ್ತು, ಬರಿಗೈಲಿ ಊರಿಗೆ ಮರಳಿದವರುಂಟು. ಅಪ್ರೆಂಟಿಸ್ ಕಾಯಿದೆಗೆ 2014ರಲ್ಲಿ ಆದ ತಿದ್ದುಪಡಿಯಂತೆ, ತರಬೇತಿ ಮುಗಿಸಿದವರ ನೇಮಕಕ್ಕೆ ಮಾಲೀಕರು ತಮ್ಮದೇ ನೀತಿ ರೂಪಿಸಬೇಕು. ಎಲ್ಲರಿಗೂ ಕೆಲಸ ಕೊಡಲೇಬೇಕೆಂದೇನಿಲ್ಲ. 'ನಿಮ್ಮಲ್ಲಿ ಆ ನೀತಿ ಹೇಗಿದೆ ಸಾರ್?' ಎಂದು ಮೆಲ್ಲಗೆ ಕೇಳುವುದು ಉದ್ಧಟತನವಲ್ಲ. ಕೇಳಬೇಕಾದ್ದು ಕರಾರಿಗೆ ಸಹಿ ಹಾಕುವ ಮೊದಲು.