ಎರಡು ಬಾವುಟಗಳು: ಶಿವಪುರ ಮತ್ತು ನೊಯ್‌ಮ್ಯುನ್‌ಸ್ಟರ್

1938ರ ಏಪ್ರಿಲ್ 11ರಂದು ಮದ್ದೂರಿನ ಸಮೀಪದ ಶಿವಪುರದಲ್ಲಿ, ಶಿಂಷಾ ನದಿಯ ದಡದಲ್ಲಿ, ನಿಷೇಧಾಜ್ಞೆಯನ್ನು ಮೀರಿ ಒಂದು ತ್ರಿವರ್ಣ ಧ್ವಜ ಏರಿತು. ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯನವರು ಬಂಧನಕ್ಕೊಳಗಾದರು. ಇದಕ್ಕೆ ಒಂಬತ್ತು ವರ್ಷಗಳಷ್ಟು ಹಿಂದೆ, 1929ರ ಆಗಸ್ಟ್ 1ರಂದು, ಉತ್ತರ ಜರ್ಮನಿಯ ನೊಯ್‌ಮ್ಯುನ್‌ಸ್ಟರ್ ಪಟ್ಟಣದಲ್ಲಿ ರೈತರ ಮೆರವಣಿಗೆಯೊಂದು ಕಪ್ಪು ಬಾವುಟವನ್ನು ಹಿಡಿದು ಹೊರಟಿತ್ತು. ಅದರ ಮೇಲೆ ಬಿಳಿಯ ನೇಗಿಲು, ಕೆಂಪು ಖಡ್ಗ. ಅದನ್ನು ಕಸಿಯಲು ಪೊಲೀಸರು ಮುಂದಾದಾಗ ಘರ್ಷಣೆಯಾಗಿ ರಕ್ತ ಹರಿಯಿತು. ಎರಡೂ ಕಡೆ ಬಾವುಟದ ಹಿಂದೆ ನಡೆದವರು ಒಕ್ಕಲು ಮಕ್ಕಳು, ಬೆಲೆ ಕುಸಿತದಿಂದ ಬಸವಳಿದವರು. ಎರಡೂ ಕಡೆ ಎದುರಿಗೆ ನಿಂತದ್ದು ಪೊಲೀಸು. ಆದರೆ ಶಿವಪುರದ ಬಾವುಟ ಇನ್ನೂ ಹುಟ್ಟದ ಪ್ರಜಾಪ್ರಭುತ್ವವನ್ನು ಕೇಳುತ್ತಿತ್ತು. ನೊಯ್‌ಮ್ಯುನ್‌ಸ್ಟರಿನ ಬಾವುಟ ಹುಟ್ಟಿ ಸುಮಾರು ಹತ್ತು ವರ್ಷವಷ್ಟೇ ಆಗಿದ್ದ ಪ್ರಜಾಪ್ರಭುತ್ವವನ್ನು ಧಿಕ್ಕರಿಸುತ್ತಿತ್ತು. ಒಂದೇ ಬಗೆಯ ಸಂಕಟ ಎರಡು ವಿರುದ್ಧ ದಿಕ್ಕುಗಳಿಗೆ ಹರಿದದ್ದು ಏಕೆ ಎಂಬುದು ಇತಿಹಾಸದ ವಿದ್ಯಾರ್ಥಿ ನಿಂತು ಯೋಚಿಸಬೇಕಾದ ಪ್ರಶ್ನೆ.

ಮೊದಲು ಜರ್ಮನಿಯ ಕಡೆ ನೋಡಬೇಕು. 1918ರ ನವೆಂಬರ್ 9ರಂದು ಚಕ್ರವರ್ತಿಯ ಆಳ್ವಿಕೆ ಮುಗಿದು ಗಣರಾಜ್ಯ ಘೋಷಿತವಾಯಿತು. ಎರಡು ದಿನಗಳ ಬಳಿಕ ಕದನವಿರಾಮದ ಪತ್ರಕ್ಕೆ ಸಹಿ ಹಾಕಿದವನು ಸೇನಾಪತಿಯಲ್ಲ. ಮಾಥಿಯಾಸ್ ಎರ್ಟ್ಸ್‌ಬರ್ಗರ್ ಎಂಬ ನಾಗರಿಕ ರಾಜಕಾರಣಿ. ಯುದ್ಧವನ್ನು ನಡೆಸಿದ ಸೇನಾನಾಯಕರು ಸೋಲಿನ ಹೊಣೆಯಿಂದ ಜಾರಿಕೊಂಡರು. ಸೋಲನ್ನು ಬರೆದುಕೊಟ್ಟ ಕಳಂಕ ಹೊಸ ಗಣರಾಜ್ಯದ ಹಣೆಗೆ ಅಂಟಿತು. ಸೈನ್ಯ ಸೋಲಲಿಲ್ಲ, ಬೆನ್ನಿಗೆ ಚೂರಿ ಬಿತ್ತು ಎಂಬ ಕಟ್ಟುಕತೆಯನ್ನು ಸೇನಾಪತಿ ಹಿಂಡೆನ್‌ಬರ್ಗ್ 1919ರಲ್ಲಿ ವಿಚಾರಣಾ ಸಮಿತಿಯ ಮುಂದೆಯೇ ಹೇಳಿದನು. 1921ರಲ್ಲಿ ಎರ್ಟ್ಸ್‌ಬರ್ಗರ್ ಕೊಲೆಯಾದನು. 1922ರಲ್ಲಿ ವಿದೇಶಾಂಗ ಸಚಿವ ವಾಲ್ಟರ್ ರಾಥೆನೌ ಕೊಲೆಯಾದನು. 1925ರಲ್ಲಿ ಹಿಂಡೆನ್‌ಬರ್ಗ್ ಅದೇ ಗಣರಾಜ್ಯದ ಅಧ್ಯಕ್ಷನಾದನು. ಇನ್ನೊಂದು ಕಡೆ ಹಣದ ಬೆಲೆಯೇ ಕರಗಿತು. 1923ರ ಜನವರಿಯಲ್ಲಿ ಫ್ರೆಂಚ್ ಮತ್ತು ಬೆಲ್ಜಿಯನ್ ಸೇನೆಗಳು ರೂರ್ ಪ್ರದೇಶವನ್ನು ಆಕ್ರಮಿಸಿದವು. ಅಲ್ಲಿ ಕೆಲಸ ನಿಲ್ಲಿಸಿದ ಕಾರ್ಮಿಕರನ್ನು ಸಾಕಲು ಸರ್ಕಾರ ನೋಟು ಅಚ್ಚುಹಾಕುತ್ತ ಹೋಯಿತು. ನವೆಂಬರಿನ ಹೊತ್ತಿಗೆ ಒಂದು ಡಾಲರಿನ ಬೆಲೆ 4.2 ಲಕ್ಷ ಕೋಟಿ ಮಾರ್ಕು.

ಈ ಹಣದುಬ್ಬರದಲ್ಲಿ ರೈತ ಎಲ್ಲರಂತೆ ಹಾಳಾಗಲಿಲ್ಲ ಎಂಬುದನ್ನು ಗಮನಿಸಬೇಕು. ಉಳಿತಾಯ ಮಾಡಿದ ಗುಮಾಸ್ತ, ವಿಧವೆ, ನಿವೃತ್ತ ಮೇಷ್ಟ್ರು ಬೀದಿಗೆ ಬಿದ್ದರು. ಭೂಮಿ ಅಡವಿಟ್ಟ ರೈತನ ಹಳೆಯ ಸಾಲ ಮಾತ್ರ ಕಾಗದದ ಹಣದಲ್ಲಿ ಹುಡಿಯಾಯಿತು. ಅವನ ಸಂಕಟ ಶುರುವಾದದ್ದು ನಾಣ್ಯ ಸ್ಥಿರವಾದ ಮೇಲೆ. ಹೊಸ ಸಾಲಕ್ಕೆ ಬಡ್ಡಿ ದುಬಾರಿಯಾಯಿತು, ತೆರಿಗೆ ಬಿಗಿಯಾಯಿತು, ದನ ಮತ್ತು ಹಂದಿಯ ಬೆಲೆ ಇಳಿಯಿತು. 1928ರ ಜನವರಿ 28ರಂದು ಶ್ಲೆಸ್‌ವಿಗ್-ಹೋಲ್‌ಸ್ಟೈನ್ ಪ್ರಾಂತದ ಊರೂರುಗಳಲ್ಲಿ ಒಟ್ಟು ಸುಮಾರು 1,40,000 ಜನ ಬೀದಿಗಿಳಿದರು. ಅದೇ ವರ್ಷದ ನವೆಂಬರಿನಲ್ಲಿ ಬೈಡನ್‌ಫ್ಲೆತ್ ಎಂಬ ಹಳ್ಳಿಯಲ್ಲಿ ತೆರಿಗೆ ಬಾಕಿಗಾಗಿ ಜಪ್ತಿಯಾದ ಎತ್ತುಗಳನ್ನು ರೈತರು ಬೆಂಕಿ ಹೊತ್ತಿಸಿ, ದಾರಿ ತಡೆದು ಹಿಂದಕ್ಕೆ ಓಡಿಸಿದರು. ಅವರ ಮಾತನ್ನು ಕಿವಿಗೆ ಹಾಕಿಕೊಳ್ಳುವ ಪಕ್ಷ ಗಣರಾಜ್ಯದ ಪರವಾದ ಪಕ್ಷಗಳಲ್ಲಿ ಒಂದೂ ಇರಲಿಲ್ಲ. ಕಾರ್ಮಿಕರ ಪಕ್ಷ ಅವರಿಗೆ ಪಟ್ಟಣದ್ದು. ಕಚೇರಿಯ ಅಧಿಕಾರಿ ಅವರಿಗೆ ಜಪ್ತಿದಾರ. ಸಂಘಟನೆಯಿಲ್ಲದೆ ಬಿದ್ದಿದ್ದ ಈ ಕೋಪವನ್ನು ಎತ್ತಿಕೊಂಡವರು ನಾತ್ಸಿಗಳು. 1932ರ ಜುಲೈ ಚುನಾವಣೆಯಲ್ಲಿ ಆ ಪ್ರಾಂತದ ಅರ್ಧಕ್ಕಿಂತ ಹೆಚ್ಚು ಮತ ಅವರ ಪಾಲಾಯಿತು. ಆರು ತಿಂಗಳಲ್ಲಿ, 1933ರ ಜನವರಿ 30ರಂದು, ಹಿಟ್ಲರ್ ಪ್ರಧಾನಿಯಾದನು. ಅವನನ್ನು ನೇಮಿಸಿದವನು ಅಧ್ಯಕ್ಷ ಹಿಂಡೆನ್‌ಬರ್ಗ್.

ನೊಯ್‌ಮ್ಯುನ್‌ಸ್ಟರಿನ ಘರ್ಷಣೆಯ ಬಳಿಕ ನಡೆದ ಮೊಕದ್ದಮೆಯನ್ನು ವರದಿ ಮಾಡಿದವರಲ್ಲಿ ಸ್ಥಳೀಯ ಪತ್ರಿಕೆಯ ನೌಕರನೊಬ್ಬನಿದ್ದನು. ಮುಂದೆ ಹಾನ್ಸ್ ಫಲಾಡ ಎಂಬ ಹೆಸರಿನಿಂದ ಪ್ರಸಿದ್ಧನಾದ ಕಾದಂಬರಿಕಾರ ಅವನೇ. 1931ರಲ್ಲಿ ಪ್ರಕಟವಾದ ಅವನ ಕಾದಂಬರಿಯ ಹೆಸರನ್ನು ಕನ್ನಡದಲ್ಲಿ 'ರೈತರು, ಪುಢಾರಿಗಳು ಮತ್ತು ಬಾಂಬುಗಳು' ಎನ್ನಬಹುದು. ಅದರಲ್ಲಿ ನಾಯಕನೆಂಬವನಿಲ್ಲ. ಪತ್ರಿಕೆಯವನು, ನಗರಾಧ್ಯಕ್ಷ, ಪೊಲೀಸು, ರೈತ ಎಲ್ಲರೂ ತಮ್ಮ ತಮ್ಮ ಸಣ್ಣ ಲೆಕ್ಕದಲ್ಲಿ ಮುಳುಗಿದ್ದಾರೆ. ಅವರ ನಡುವೆ ಗಣರಾಜ್ಯ ವಾರಸುದಾರರಿಲ್ಲದ ಆಸ್ತಿಯಂತೆ ಬಿದ್ದಿದೆ. ಸಾಹಿತ್ಯದ ಓದುಗನಿಗೆ ಆ ಕಾಲದ ರೋಗವನ್ನು ಅಂಕಿ ಅಂಶಗಳಿಗಿಂತ ಚೆನ್ನಾಗಿ ತೋರಿಸುವುದು ಈ ಚಿತ್ರ.

ಈಗ ಮಂಡ್ಯದ ಸೀಮೆಗೆ ಬರಬಹುದು. ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯ ಮೂಲಕ, ಹುಲಿಕೆರೆಯ ಸುರಂಗವನ್ನು ಹಾದು, ಮಂಡ್ಯ, ಮದ್ದೂರು, ಮಳವಳ್ಳಿಗಳ ಹೊಲಗಳನ್ನು ತಲುಪಿದ್ದು 1930ರ ದಶಕದಲ್ಲಿ. ಇಂದು ಅದು ವಿಶ್ವೇಶ್ವರಯ್ಯ ನಾಲೆ. ನೀರು ಬಂದ ಕಾಲವೂ ಧಾನ್ಯದ ಬೆಲೆ ಬಿದ್ದ ಕಾಲವೂ ಒಂದೇ ಆದದ್ದು ಈ ಸೀಮೆಯ ದುರದೃಷ್ಟ. ಜಗದ್ವ್ಯಾಪಿ ಮುಗ್ಗಟ್ಟಿನಲ್ಲಿ ಭಾರತದ ಧಾನ್ಯದ ಬೆಲೆ ಅರ್ಧದಷ್ಟು ಕುಸಿದಿತ್ತು. ರಾಗಿ ಬೆಳೆಯುತ್ತಿದ್ದ ಬೆದ್ದಲು ಗದ್ದೆಯಾಯಿತು. ಅದರೊಡನೆ ನೀರಿನ ಕಂದಾಯ, ನಾಲೆಯ ಷರತ್ತು, ಸಮತಟ್ಟು ಮಾಡಿದ ಸಾಲ ಎಲ್ಲ ಬಂದವು. ಇದರ ವಿರುದ್ಧ ರೈತರು ಚಳವಳಿ ಹೂಡಿದರು. ಆದರೆ ಇಲ್ಲಿನ ಸರ್ಕಾರ ಜಪ್ತಿದಾರನಾಗಿ ಮಾತ್ರ ಹಳ್ಳಿಗೆ ಬರಲಿಲ್ಲ. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ ಕಬ್ಬು ಕೊಳ್ಳುವ ಗಿರಾಕಿಯಾಯಿತು. ಬೆಳೆಗಾರರಿಗೂ ಅದರಲ್ಲಿ ಷೇರುಗಳಿದ್ದವು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ದೂರದ ಕೋಲಾರದ ಚಿನ್ನದ ಗಣಿಗೆ ಹರಿದು ಹೋಗಿತ್ತು. ನಾಲೆಯ ನೀರು ಮತ್ತು ಸಕ್ಕರೆ ಕಾರ್ಖಾನೆ ಮಾತ್ರ ಈ ನೆಲದಲ್ಲೇ ನಿಂತವು. ಸರ್ಕಾರದೊಡನೆ ಜಗಳವಾಡಲೂ ಚೌಕಾಶಿ ಮಾಡಲೂ ರೈತನಿಗೆ ಒಂದು ಸ್ಥಾನ ದೊರೆಯಿತು.

ಅದಕ್ಕಿಂತ ಮುಖ್ಯವಾದ ಸಂಗತಿ ಪಕ್ಷ ರಾಜಕಾರಣದಲ್ಲಿ ನಡೆಯಿತು. ಮೈಸೂರು ಕಾಂಗ್ರೆಸ್ ಬಹುಕಾಲ ಪಟ್ಟಣದ ವಿದ್ಯಾವಂತರ ಸಂಸ್ಥೆಯಾಗಿತ್ತು. ಹಳ್ಳಿಯ ಒಕ್ಕಲಿಗ, ಲಿಂಗಾಯತ ಮುಖಂಡರು ಪ್ರಜಾಮಿತ್ರ ಮಂಡಳಿ ಮತ್ತು ಪ್ರಜಾಪಕ್ಷಗಳು ಕೂಡಿ ಹುಟ್ಟಿದ ಪ್ರಜಾ ಸಂಯುಕ್ತ ಪಕ್ಷದಲ್ಲಿದ್ದರು. 1937ರಲ್ಲಿ ಆ ಪಕ್ಷ ಕಾಂಗ್ರೆಸ್ಸಿನಲ್ಲಿ ವಿಲೀನವಾಯಿತು. ಮರುವರ್ಷದ ಅಧಿವೇಶನ ಬೆಂಗಳೂರಿನ ಸಭಾಂಗಣದಲ್ಲಿ ಸೇರದೆ ಮದ್ದೂರಿನ ಬಯಲಿನಲ್ಲಿ ಸೇರಿದ್ದರ ಅರ್ಥ ಇಲ್ಲಿದೆ. ಜರ್ಮನಿಯಲ್ಲಿ ಗಣರಾಜ್ಯ ಮೊದಲು ಬಂದು, ಹಳ್ಳಿ ಅದರ ಹೊರಗೆ ಉಳಿಯಿತು. ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬರುವ ಹತ್ತು ವರ್ಷ ಮೊದಲೇ ಅದನ್ನು ಕೇಳುವ ಪಕ್ಷದೊಳಕ್ಕೆ ಹಳ್ಳಿ ಕಾಲಿಟ್ಟಿತ್ತು.

ಎರಡು ರಾಜ್ಯಗಳ ಸಂವಿಧಾನ ಚರಿತ್ರೆಯಲ್ಲಿರುವ ಹೋಲಿಕೆ ಈ ವ್ಯತ್ಯಾಸವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಜರ್ಮನಿಗೆ 1871ರಿಂದ ಚುನಾಯಿತ ಸಂಸತ್ತು ಇತ್ತು, ಮೈಸೂರಿಗೆ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು. ಎರಡೂ ಕಡೆ ಸಭೆ ಮಾತನಾಡಬಹುದಿತ್ತೇ ಹೊರತು ಮಂತ್ರಿಗಳನ್ನು ಇಳಿಸುವ ಅಧಿಕಾರ ಅದಕ್ಕಿರಲಿಲ್ಲ. ಆದ್ದರಿಂದ ಪ್ರಜಾಪ್ರಭುತ್ವದ ಅಭ್ಯಾಸವೇ ಇಲ್ಲದ್ದರಿಂದ ಜರ್ಮನಿ ಕೆಟ್ಟಿತು ಎಂಬ ಸರಳ ವಿವರಣೆ ನಿಲ್ಲುವುದಿಲ್ಲ. ಮತದಾನದ ಹಕ್ಕಿನಲ್ಲಂತೂ ಜರ್ಮನಿಯೇ ಮುಂದು. ಅಲ್ಲಿ 1919ರಲ್ಲೇ ಹೆಂಗಸರೂ ಸೇರಿದಂತೆ ವಯಸ್ಕರೆಲ್ಲರೂ ಮತ ಹಾಕಿದರು. ಮೈಸೂರಿನ ಹಳೆಯ ಸಭೆಗಳ ಮತದಾರರು ಆಸ್ತಿ ಮತ್ತು ಕಂದಾಯದ ಅಳತೆಯಿಂದ ಆರಿಸಲ್ಪಟ್ಟ ಕೆಲವರು ಮಾತ್ರ.

ಬಾವುಟದ ವಿಷಯದಲ್ಲೂ ಎರಡು ದಾರಿಗಳು ಕಾಣುತ್ತವೆ. ಗಣರಾಜ್ಯದ ಕಪ್ಪು-ಕೆಂಪು-ಹೊನ್ನಿನ ಧ್ವಜವೋ ಸಾಮ್ರಾಜ್ಯದ ಕಪ್ಪು-ಬಿಳಿ-ಕೆಂಪಿನ ಧ್ವಜವೋ ಎಂಬ ಕಲಹ ವೈಮಾರ್ ಜರ್ಮನಿಯಲ್ಲಿ ಕೊನೆಯವರೆಗೂ ಮುಗಿಯಲಿಲ್ಲ. 1926ರಲ್ಲಿ ಪ್ರಧಾನಿ ಲೂಥರನ ಸರ್ಕಾರ ಬಿದ್ದದ್ದೇ ಒಂದು ಧ್ವಜಾಜ್ಞೆಯ ಕಾರಣದಿಂದ. ಮೈಸೂರಿನಲ್ಲಿ ಶಿವಪುರದ ಎರಡು ವಾರಗಳ ಬಳಿಕ, ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದರು. ಆಗ ಸರದಾರ್ ಪಟೇಲರ ಮಧ್ಯಸ್ಥಿಕೆಯಿಂದ ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಂದು ಒಪ್ಪಂದವಾಯಿತು. ಕಾಂಗ್ರೆಸ್ಸಿನ ಧ್ವಜ ಮತ್ತು ಸಂಸ್ಥಾನದ ಧ್ವಜ ಜೊತೆಯಾಗಿ ಹಾರಬಹುದು ಎಂದು ತೀರ್ಮಾನವಾಯಿತು. ಈ ಸೌಹಾರ್ದ ಬಹುಕಾಲ ಬಾಳಲಿಲ್ಲ, ಮರುವರ್ಷವೇ ಮತ್ತೆ ಸತ್ಯಾಗ್ರಹ ನಡೆಯಿತು. ಆದರೂ ಎದುರಾಳಿಯ ಬಾವುಟವನ್ನು ಸಹಿಸುವ ಒಂದು ಮಾದರಿ ಉಳಿಯಿತು.

ಇನ್ನು ಯುದ್ಧದ ಬಳಿಕದ ಪರೀಕ್ಷೆ. ಎರಡನೆಯ ಮಹಾಯುದ್ಧದ ಆರು ವರ್ಷಗಳಲ್ಲಿ ಭಾರತದ ಸಗಟು ಬೆಲೆ ಎರಡು ಪಟ್ಟನ್ನೂ ಮೀರಿತು. 1942ರಲ್ಲಿ ಬರ್ಮಾ ಕೈಬಿಟ್ಟು ಅಲ್ಲಿಯ ಅಕ್ಕಿ ನಿಂತಿತು; ಹಳ್ಳಿಗೆ ಲೆವಿ ಬಂತು, ಪಟ್ಟಣಕ್ಕೆ ರೇಷನ್ ಬಂತು, ಇವೆರಡರ ಸಂದಿಯಲ್ಲಿ ಕಾಳಸಂತೆ ಬೆಳೆಯಿತು. ಮಳೆ ಕೈಕೊಟ್ಟು ದಕ್ಷಿಣ ಭಾರತ ಹಸಿದಿದ್ದ 1946ರಲ್ಲಿ, ಅಮೆರಿಕದ ಆಹಾರ ನಿಯೋಗದೊಡನೆ ಹರ್ಬರ್ಟ್ ಹೂವರ್ ಬೆಂಗಳೂರಿಗೂ ಬಂದನು. ಮೊದಲನೆಯ ಯುದ್ಧದ ಬಳಿಕ ಹಸಿದ ಜರ್ಮನ್ ಮಕ್ಕಳಿಗೆ ಊಟ ಒದಗಿಸಿದ ಸಂಸ್ಥೆಯ ಮುಖ್ಯಸ್ಥನಾಗಿದ್ದವನೂ ಇವನೇ. ಎರಡು ಯುದ್ಧೋತ್ತರ ಹಸಿವುಗಳನ್ನು ಕಂಡ ಇವನ ಪ್ರಯಾಣವೇ ಎರಡು ನಾಡುಗಳ ಸ್ಥಿತಿಯನ್ನು ಅಕ್ಕಪಕ್ಕದಲ್ಲಿ ಇಡುತ್ತದೆ.

ಈ ಸ್ಥಿತಿಯಲ್ಲೇ 1947ರ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ನಡೆಯಿತು. ಅಕ್ಟೋಬರ್ ಕೊನೆಯ ವಾರ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿತು. ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಧಾನ್ಯದ ನಿಯಂತ್ರಣವನ್ನು ಸಡಿಲಿಸಿತು, ಬೆಲೆ ಏರಿತು, 1948ರ ಕೊನೆಯ ತಿಂಗಳುಗಳಲ್ಲಿ ನಿಯಂತ್ರಣ ಮರಳಿ ಬಂತು. ನಿನ್ನೆ ಅಮಲ್ದಾರನ ಲೆವಿಯನ್ನು ವಿರೋಧಿಸಿದವರ ಪಕ್ಷವೇ ಇಂದು ಲೆವಿ ವಸೂಲು ಮಾಡಬೇಕಾಯಿತು. ಹೊಸ ಪ್ರಜಾಪ್ರಭುತ್ವವೊಂದಕ್ಕೆ ಇದಕ್ಕಿಂತ ಕಠಿಣವಾದ ಗಳಿಗೆ ಇಲ್ಲ. ವೈಮಾರ್ ಸೋತದ್ದು ಇಂಥ ಗಳಿಗೆಯಲ್ಲೇ. ಮಂಡ್ಯದ ಸೀಮೆಯಲ್ಲಿ ಲೆವಿಯ ಮೇಲಿನ ಸಿಟ್ಟು ರಾಜ್ಯವ್ಯವಸ್ಥೆಯ ಮೇಲಿನ ಸಿಟ್ಟಾಗಿ ಬೆಳೆಯದಿರಲು ಎರಡು ಕಾರಣಗಳನ್ನು ಗುರುತಿಸಬಹುದು. ಲೆವಿ ಕೇಳಲು ಬಂದ ಪಕ್ಷದಲ್ಲಿ ಊರಿನವರೇ ಇದ್ದರು. ಅವರನ್ನು ಜಗಲಿಯ ಮೇಲೆ ಕೂರಿಸಿ ಬೈಯಬಹುದಿತ್ತು. ಹಳೆಯ ವ್ಯವಸ್ಥೆಯ ಶಿಖರದಲ್ಲಿದ್ದ ಜಯಚಾಮರಾಜ ಒಡೆಯರ್ ಅವರೇ ಅಧಿಕಾರ ಹಸ್ತಾಂತರಕ್ಕೆ ಸಹಿ ಹಾಕಿ, 1950ರಿಂದ ರಾಜಪ್ರಮುಖರಾಗಿ ಹೊಸದರೊಳಗೆ ನಿಂತರು. ಬೆನ್ನಿಗೆ ಚೂರಿ ಬಿತ್ತೆಂಬ ಕತೆ ಹೇಳಲು ಯಾರಿಗೂ ಅವಕಾಶ ಉಳಿಯಲಿಲ್ಲ. 1952ರಲ್ಲಿ ವಯಸ್ಕರೆಲ್ಲರೂ ಮತ ಹಾಕಿದ ಮೊದಲ ಚುನಾವಣೆಯಲ್ಲಿ ಕಾಂಗ್ರೆಸ್ 99 ಸ್ಥಾನಗಳಲ್ಲಿ 74ನ್ನು ಗೆದ್ದಿತು.

ಇಷ್ಟಕ್ಕೇ ಶಿವಪುರವನ್ನು ವಿಜಯಗಾಥೆಯಾಗಿ ಓದಿ ಮುಗಿಸುವುದು ಸರಿಯಾಗದು. ಆ ಬಾವುಟದ ಕೆಳಗೆ ಮುಂದೆ ನಿಂತವರು ಹೊಲ ಉಳ್ಳವರು. ಗದ್ದೆಯ ಕೆಸರಿನಲ್ಲಿ ನಿಂತು ನಾಟಿ ಹಾಕುವ ಕೂಲಿಯವರು, ಗೇಣಿದಾರರು, ಊರ ಹೊರಗಿನ ಕೇರಿಗಳವರು ಆ ಪಕ್ಷಕ್ಕೆ ಬಂದ ದಾರಿ ಬೇರೆ, ಬಂದ ಕಾಲವೂ ಬೇರೆ. ಗೇಣಿದಾರನಿಗೆ ಭೂಮಿಯ ಹಕ್ಕು ಕೊಡುವ ಬಲವಾದ ಕಾನೂನು ಜಾರಿಗೆ ಬರಲು 1974ರವರೆಗೆ ಕಾಯಬೇಕಾಯಿತು. ಮೈಸೂರಿನ ಹೊಸ ಪ್ರಜಾಪ್ರಭುತ್ವ ಸ್ಥಿರವಾದದ್ದು ಉಳ್ಳ ರೈತನನ್ನು ಒಳಗೆ ಕರೆದುಕೊಂಡದ್ದರಿಂದ; ಅದರ ಬೆಲೆಯನ್ನು ಭಾಗಶಃ ಕಟ್ಟಿದವನು ಇಲ್ಲದ ರೈತ.

ನೊಯ್‌ಮ್ಯುನ್‌ಸ್ಟರಿನ ರೈತ ಹುಟ್ಟಿನಿಂದ ಪ್ರಜಾಪ್ರಭುತ್ವದ ಶತ್ರುವಾಗಿರಲಿಲ್ಲ, ಶಿವಪುರದ ರೈತ ಹುಟ್ಟಿನಿಂದ ಅದರ ಭಕ್ತನೂ ಆಗಿರಲಿಲ್ಲ. ಎತ್ತು ಜಪ್ತಿಯಾಗುವ ದಿನ ಅವನು ನೋಡುವುದು ಸಂವಿಧಾನದ ವಿಧಿಗಳನ್ನಲ್ಲ. ಕಚೇರಿಯಲ್ಲಿ ತನ್ನ ಮಾತು ಕೇಳುವವನು ಯಾರು ಎಂಬುದನ್ನು. ಬೆಲೆ ಕುಸಿತ, ಸಾಲ, ಲೆವಿಗಳು ಯಾವ ಕಾಲದಲ್ಲೂ ಬರಬಹುದು. ಅವು ಬರುವ ಮೊದಲೇ ಹಳ್ಳಿಯ ಬಾಗಿಲಿಗೆ ಯಾರು ಹೋಗಿದ್ದರು, ಯಾರ ಬಾಗಿಲಿಗೆ ಹೋಗದೆ ಉಳಿದರು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಓದಿದರೆ, ವೈಮಾರಿನ ಚರಿತ್ರೆ ಮಂಡ್ಯದ ವಿದ್ಯಾರ್ಥಿಗೆ ದೂರದ ದೇಶದ ಕತೆಯಾಗಿ ಉಳಿಯುವುದಿಲ್ಲ.