ಮಾವನವರ ಹೆರಾಲ್ಡ್ ಮತ್ತು ನಾನು ಮಾರಿದ ಗುಜರಿ

ದೀಪಾವಳಿ ಬಂತೆಂದರೆ ನಮ್ಮ ಜವಳಗೇರಾದಲ್ಲೂ ಮನೆ ತೊಳೆದು ಬಳಿಯುವ ಸಡಗರ. ಮೂರು ವರ್ಷದ ಹಿಂದೆ ಅಂಥ ಸಡಗರದಲ್ಲೇ ನಾನೊಂದು ತಪ್ಪು ಮಾಡಿದೆ. ಭತ್ತದ ಚೀಲದ ಕೋಣೆಯ ಮೂಲೆಯಲ್ಲಿ ಬಿದ್ದಿದ್ದ ಹಳೇ ಸ್ಟೇರಿಂಗ್ ಚಕ್ರ, ನಾಲ್ಕು ಗಾಲಿ ಮುಚ್ಚಳ, ಒಂದು ಹಾರ್ನ್ ಎಲ್ಲವನ್ನೂ ಗುಜರಿಯವನಿಗೆ ತೂಕಕ್ಕೆ ಹಾಕಿ ಎರಡು ಸ್ಟೀಲ್ ಡಬ್ಬಿ ಕೊಂಡೆ. ಕೋಣೆ ಖಾಲಿಯಾಯಿತೆಂದು ಹಿಗ್ಗಿದ್ದೇ ಹಿಗ್ಗಿದ್ದು!

ಅವು ಮಾವನವರ ಕಾರಿನ ಸಾಮಾನು. 1967ರಲ್ಲಿ ಅವರು ಕೊಂಡ ಸ್ಟ್ಯಾಂಡರ್ಡ್ ಹೆರಾಲ್ಡ್, ಅವರು ತೀರಿಕೊಂಡ ಮೇಲೆ ಕೊಟ್ಟಿಗೆ ಪಕ್ಕದ ತಗಡಿನ ಶೆಡ್ಡಿನಲ್ಲೇ ನಿಂತಿತ್ತು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡನ್ನು 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆಸರಿನಿಂದ ಮಾಡುತ್ತಿದ್ದರು. 948 ಸಿಸಿಯ ಸಣ್ಣ ಇಂಜಿನ್. ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮೊಸಳೆ ಬಾಯಿಯಂತೆ ತೆರೆದುಕೊಳ್ಳುತ್ತದೆ. ಇದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ತಂದರು. ಎರಡಕ್ಕೂ ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ.

ಮಗನಿಗೆ ಇಷ್ಟು ಗೊತ್ತಾದದ್ದೇ ತಡ, "ಅಮ್ಮಾ, ಮ್ಯಾಲಿನ ಟಾಪು ಬೋಲ್ಟಿನ ಮ್ಯಾಲೆ ನಿಂತೈತಿ. ಬಿಚ್ಚಿ ಒಗೆದು, ಜಪಾನಿ ಇಂಜಿನ್ ಕೂಡ್ಸಿ ಕೆಂಪು ಬಣ್ಣ ಹೊಡದ್ರ ನಮ್ದೂ ಸ್ಪಿಟ್‌ಫೈರ್!" ಎಂದ. ನಮ್ಮವರು ಕೆಂಡವಾದರು. "ನಮ್ಮಪ್ಪ ಬಿಟ್ಟು ಹೋದ ಹಾಂಗ ಇರ್ಲಿ. ಒಂದು ಬೋಲ್ಟ್ ಮುಟ್ಟಬ್ಯಾಡ." ಅತ್ತೆಯವರದು ಮೂರನೆಯ ಮಾತು: "ನೀವು ಏನರ ಮಾಡ್ರಿ, ನಾ ಸಾಯೂದ್ರಾಗ ಒಮ್ಮೆ ಇದರಾಗ ಅಂಬಾಮಠದ ಜಾತ್ರಿಗೆ ಹೋಗ್ಬೇಕು." 1970ರಲ್ಲಿ ಹೆರಿಗೆ ನೋವು ತಿನ್ನುತ್ತಾ ರಾಯಚೂರಿಗೆ ಹೋದದ್ದು ಇದೇ ಕಾರಿನ ಹಿಂದಿನ ಸೀಟಿನಲ್ಲಿ. ಆಗ ಹುಟ್ಟಿದವರೇ ನಮ್ಮವರು.

ಜಗಳ ತೀರುವ ಮೊದಲೇ ಬೆಂಗಳೂರಿನಿಂದ ಹಳೇ ಕಾರು ಕೊಳ್ಳುವವರೊಬ್ಬರು ಬಂದರು. ಅವರು ಬಣ್ಣ ನೋಡಲಿಲ್ಲ. ಇಂಜಿನ್ನಿನ ನಂಬರು, ಚಾಸಿಯ ನಂಬರು ಆರ್‌ಸಿ ಪುಸ್ತಕಕ್ಕೆ ಹೊಂದುತ್ತವೆಯೇ ಎಂದು ನೋಡಿದರು. ಹೊಂದಿದವು. ಮುಖ ಅರಳಿತು. ಆಮೇಲೆ, "ಇದು ಬೇರೆ ಕಾರಿನ ಸ್ಟೇರಿಂಗು. ಮೊದಲಿನದು ಎಲ್ಲಿ? ಗಾಲಿ ಮುಚ್ಚಳ?" ಎಂದರು. ನನ್ನ ಕೈಯಲ್ಲಿದ್ದ ಚಹಾದ ತಟ್ಟೆ ನಡುಗಿತು. ನನ್ನೆದುರೇ ಬೆಲೆ ಇಳಿಸಿದರು. ನಮ್ಮವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಕಾರು ಮಾರಲಿಲ್ಲ. ಆದರೆ ಅಂದಿನಿಂದ ನಾನೂ ಈ ವಿಷಯ ಓದಲು ಕುಳಿತೆ. 2021ರ ಕೇಂದ್ರ ಸರ್ಕಾರದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಖಾಸಗಿ ವಾಹನಕ್ಕೆ 'ವಿಂಟೇಜ್' ನೋಂದಣಿ ಸಿಗುತ್ತದೆ. ಚಾಸಿ, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಆ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದಕ್ಕೆ ಹೊರತು ದಿನನಿತ್ಯ ಓಡಿಸುವಂತಿಲ್ಲ. ಮಗನ ಆಸೆಗೂ ಕಾನೂನು ಅಡ್ಡ: ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಇಂಥ ಜಗಳ ಅರಮನೆಯನ್ನೂ ಬಿಟ್ಟಿಲ್ಲ. 2018ರ ಮೇ 19ರಂದು ರಾಜಕುಮಾರ ಹ್ಯಾರಿ ಮದುವೆಯಾಗಿ ಹೆಂಡತಿಯನ್ನು ಕೂಡಿಸಿಕೊಂಡು ಹೊರಟದ್ದು 1968ರ ಜಾಗ್ವಾರ್ ಇ-ಟೈಪ್ ಕಾರಿನಲ್ಲಿ. ಒಳಗೆ ಪೆಟ್ರೋಲ್ ಇಂಜಿನ್ ತೆಗೆದು ವಿದ್ಯುತ್ ಮೋಟಾರು ಕೂಡಿಸಿದ್ದರು! ಬೇಕೆಂದಾಗ ಹಳೇ ಇಂಜಿನ್ ಮತ್ತೆ ಕೂಡಿಸಬಹುದು ಎಂದಿತು ಕಂಪನಿ. ಆದರೂ ಹಳೇ ವಾಹನಗಳ ಅಂತರರಾಷ್ಟ್ರೀಯ ಸಂಸ್ಥೆ ಫಿವಾ, ಹೀಗೆ ವಿದ್ಯುತ್ತಿಗೆ ಬದಲಾದದ್ದು ಚಾರಿತ್ರಿಕ ವಾಹನವಲ್ಲ ಎಂದು 2019ರಲ್ಲಿ ಖಂಡತುಂಡವಾಗಿ ಹೇಳಿತು. ಬದಲಿಸಿದರೂ ತೆಗೆದ ಸಾಮಾನನ್ನೆಲ್ಲ ಜೋಪಾನವಾಗಿ ಇಟ್ಟುಕೊಳ್ಳಿ ಎಂದೂ ಸಲಹೆ ಕೊಟ್ಟಿತು.

ಈ ಕೊನೆಯ ಮಾತು ನನಗೆ ಚೆನ್ನಾಗಿ ನಾಟಿತು. ನಾವು ಹೆಂಗಸರಿಗೆ ಇದು ಹೊಸದೇ? ಇಳಕಲ್ ಸೀರೆಗೆ ಫಾಲ್ ಹಚ್ಚಿದರೆ ನಾಳೆ ಬಿಚ್ಚಬಹುದು. ಅದನ್ನೇ ಕತ್ತರಿಸಿ ಚೂಡಿದಾರ್ ಹೊಲಿಸಿದರೆ ಸೀರೆ ಮತ್ತೆ ಬರುವುದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇದನ್ನೇ ಹೇಳಿದೆ. ಅಪ್ಪ ಮಗ ಇಬ್ಬರೂ ರೊಟ್ಟಿ ಮುರಿಯುವುದು ಬಿಟ್ಟು ನನ್ನ ಮುಖ ನೋಡಿದರು. ಕಡೆಗೆ ಹೀಗೆ ತೀರ್ಮಾನವಾಯಿತು: ಇಂಜಿನ್, ಟಾಪು, ಬಾಡಿ ಇದ್ದ ಹಾಗೇ. ಬ್ರೇಕಿನ ಕೊಳವೆ, ಟೈರು, ವೈರು ಹೊಸವು. ಜೀವಕ್ಕಿಂತ ಮೂಲ ರೂಪ ದೊಡ್ಡದಲ್ಲ. ಸೀಟ್ ಬೆಲ್ಟ್ ಹಾಕಿಸಬೇಕು. ವಿಂಟೇಜ್ ನೋಂದಣಿ ಸದ್ಯಕ್ಕೆ ಬೇಡ. ಫಿಟ್‌ನೆಸ್ ಮಾಡಿಸಿ ಹಳೇ ಆರ್‌ಸಿಯನ್ನೇ ನವೀಕರಿಸೋಣ.

ಸಿಂಧನೂರಿನ ಮೆಕ್ಯಾನಿಕ್ ನಾಲ್ಕು ತಿಂಗಳು ತೆಗೆದುಕೊಂಡ. ಹೋದ ಬನದ ಹುಣ್ಣಿಮೆಗೆ ಅತ್ತೆಯವರು ಅಂಬಾಮಠಕ್ಕೆ ಹೋಗಿ ಬಂದರು. ಮುಂದೆ ಕೂಡ್ರಿ ಎಂದರೆ ಕೇಳದೆ ಹಿಂದಿನ ಸೀಟಿನಲ್ಲೇ ಕೂತರು.

ತೆಗೆದ ಹಳೇ ಸಾಮಾನೆಲ್ಲ ಈಗ ನನ್ನ ಮದುವೆಯ ಟ್ರಂಕಿನಲ್ಲಿದೆ. ಒಂದೊಂದನ್ನೂ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಚೀಟಿ ಕಟ್ಟಿದ್ದೇನೆ. ಸ್ಟೇರಿಂಗ್ ಚಕ್ರ ಮಾತ್ರ ಇನ್ನೂ ಸಿಕ್ಕಿಲ್ಲ. ಗುಜರಿ ಅಂಗಡಿ ಕಂಡಲ್ಲೆಲ್ಲ ಇಣುಕುತ್ತೇನೆ. ಅಕ್ಕತಂಗಿಯರೇ, ಈ ದೀಪಾವಳಿಗೆ ಗುಜರಿಯವನನ್ನು ಕರೆಯುವ ಮೊದಲು ಮನೆಯ ಹಿರಿಯರನ್ನು ಒಂದು ಮಾತು ಕೇಳಿ.