ನಿಂದ್ಯಾವ ಪಾತ್ರ?

"ಇದ್ರಲ್ಲಿ ನಿಂದ್ಯಾವ ಪಾತ್ರ ಕಣ್ಲಾ?"

2004ರ ಬೇಸಿಗೆ ರಜೆ. ಅಪ್ಪ ತೋಟದಿಂದ ಬಂದು ಕೈಕಾಲು ತೊಳೆದು ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು. ಟೀವಿಯಲ್ಲಿ ಮುಳ್ಳುಮುಳ್ಳು ಹಳದಿ ಕೂದಲಿನ ಹುಡುಗನೊಬ್ಬ ತನ್ನ ಮೈಯಗಲದ ಕತ್ತಿಯನ್ನು ಬೆನ್ನಿಗೇರಿಸಿಕೊಂಡು ರೈಲಿನ ಮೇಲಿಂದ ಧುಮುಕಿದ್ದ. ಬೆಂಗಳೂರಿನಲ್ಲಿದ್ದ ಸೋದರಮಾವ ಹೊಸ ಯಂತ್ರ ಕೊಂಡ ಮೇಲೆ ಹಳೆಯ ಪ್ಲೇಸ್ಟೇಷನ್ನನ್ನು ಪಂಚೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದರು. ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲೆ ಕೂತೇ ಗಂಡಸಿ ಹ್ಯಾಂಡ್‌ಪೋಸ್ಟಿಗೆ ಬಂದಿಳಿದಿತ್ತು. ಜೊತೆಗಿದ್ದದ್ದು ಮೂರು ಸೀಡಿಗಳ ಒಂದೇ ಆಟ: ಫೈನಲ್ ಫ್ಯಾಂಟಸಿ ಏಳು.

ಮನೆಗೆ ಬಂದವರೆಲ್ಲ ಇದೇನು ಆಟ, ಗೆದ್ದರೆ ಏನು ಸಿಗುತ್ತೆ ಎಂದು ಕೇಳುತ್ತಿದ್ದರು. ಪಾತ್ರ ಯಾವುದು ಎಂದು ಕೇಳಿದವರು ಅಪ್ಪ ಒಬ್ಬರೇ. ಈ ಜಾತಿಯ ಆಟಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಅಂತಲೇ ಹೆಸರು ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವರು ಸ್ವತಃ ಪಾತ್ರ ಹಾಕಿದವರು.

ಅರಸೀಕೆರೆ, ತಿಪಟೂರು, ಚನ್ನರಾಯಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವುದು ಒಂದು ವ್ರತದಂತೆ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿ, ದಿನದ ಕೆಲಸ ಮುಗಿದ ಮೇಲೆ ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸು. ಸೀನರಿ ಬಾಡಿಗೆಗೆ, ಡ್ರೆಸ್ಸು ಬಾಡಿಗೆಗೆ. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಬೇಕು. 'ಕುರುಕ್ಷೇತ್ರ'ದಲ್ಲಿ ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು. ಆ ಪಾತ್ರಗಳ ಪದಗಳನ್ನೆಲ್ಲ ಬೆಳಗಿನವರೆಗೆ ಹಾಡುವುದು ಒಂದು ಗಂಟಲಿನಿಂದ ಆಗುವುದಿಲ್ಲ. ಅದಕ್ಕೇ ಹ್ಯಾಂಡ್‌ಬಿಲ್ಲಿನಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಬೇರೆ ಬೇರೆ ಹೆಸರುಗಳು ಅಚ್ಚಾಗುತ್ತವೆ. ದುಡ್ಡು ತೆಗೆದುಕೊಂಡು ನಟಿಸುವವರು ಎಲ್ಲ ಕಡೆಯೂ ಇದ್ದಾರೆ. ಕೊಬ್ಬರಿ ಮಾರಿದ ದುಡ್ಡನ್ನು ತಾವೇ ಕೊಟ್ಟು ಒಂದು ರಾತ್ರಿ ಭೀಮನಾಗುವ ರೈತರನ್ನು ನಾನು ಕಂಡದ್ದು ನಮ್ಮ ಸೀಮೆಯಲ್ಲಿ, ಅವರ ಮೇಲಿನ ನನ್ನ ಗೌರವ ಇವತ್ತಿಗೂ ತಗ್ಗಿಲ್ಲ. ಅಪ್ಪನದು ಕರ್ಣನ ಪಾತ್ರ.

ಆಟದ ಶುರುವಿನಲ್ಲೇ ಹುಡುಗನ ಹೆಸರು ಕೇಳುತ್ತದೆ. ಕ್ಲೌಡ್ ಎಂದಿದ್ದದ್ದನ್ನು ಅಳಿಸಿ, ಒಂದೊಂದೇ ಇಂಗ್ಲಿಷ್ ಅಕ್ಷರ ಹುಡುಕಿ, ಕರ್ಣ ಎಂದು ಕೂರಿಸಿದೆ. ಅಪ್ಪ ಕಂಬ ಬಿಟ್ಟು ಟೀವಿಯ ಹತ್ತಿರಕ್ಕೆ ಸರಿದು ಕೂತರು.

ಜಪಾನಿನ ಸ್ಕ್ವೇರ್ ಕಂಪನಿ ಈ ಆಟವನ್ನು ಹೊರತಂದದ್ದು 1997ರ ಜನವರಿ 31ರಂದು. ಅದರಲ್ಲಿ ಯಾರಿಗೂ ದನಿಯಿಲ್ಲ. ಮಾತೆಲ್ಲ ನೀಲಿ ಚೌಕದೊಳಗೆ ಬಿಳಿ ಅಕ್ಷರಗಳಲ್ಲಿ ಮೂಡುತ್ತದೆ. ನಾವು ಗುಂಡಿ ಒತ್ತಿದರೆ ಮುಂದಿನ ಮಾತು. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನಗೂ ಅರ್ಧಂಬರ್ಧ. ಆದರೂ ಪ್ರತಿ ಮಾತನ್ನೂ ನಮ್ಮ ಭಾಷೆಗೆ ತಿರುಗಿಸಿ ಗಟ್ಟಿಯಾಗಿ ಓದುತ್ತಿದ್ದೆ. ಸೈಡ್‌ವಿಂಗಿನ ಮರೆಯಲ್ಲಿ ಪುಸ್ತಕ ಹಿಡಿದು ಮಾತು ಎತ್ತಿಕೊಡುವ ಪ್ರಾಂಪ್ಟರ್ ಇರುತ್ತಾನಲ್ಲ, ಹಾಗೆ. ಶಕ್ತಿ ಕೊಡುವ ಮೆಟೀರಿಯಾ ಎಂಬ ಗೋಲಿಗಳು ನಮ್ಮ ಮನೆಯಲ್ಲಿ ಹರಳುಗಳಾದವು. ಲೈಫ್‌ಸ್ಟ್ರೀಮ್ ಎಂಬುದು ಜೀವದ ಹೊಳೆಯಾಯಿತು. ಕಥೆಯಲ್ಲಿ ಮಿಡ್ಗಾರ್ ಎಂಬ ನಗರ ಎಂಟು ರಿಯಾಕ್ಟರುಗಳನ್ನು ನೆಟ್ಟು ಭೂಮಿಯ ಕಸುವನ್ನು ಹೀರಿ ಕರೆಂಟು ಮಾಡುತ್ತದೆ, ಸುತ್ತಲಿನ ನೆಲ ಬರಡಾಗುತ್ತದೆ. ಇದನ್ನು ಹೇಗೆ ಹೇಳಲಿ ಎಂದು ನಾನು ತಡವರಿಸುತ್ತಿದ್ದಾಗ ಅಪ್ಪನೇ ಅಂದರು, "ನಮ್ ಬೋರ್‌ವೆಲ್ ಕಣ್ಲಾ ಅದು, ಬಿಡು, ಗೊತ್ತಾಯ್ತು."

2020ರಲ್ಲಿ ಇದೇ ಕಥೆಯ ಹೊಸ ರೂಪದ ಮೊದಲ ಭಾಗ ಬಂತು. ನೋಡಲು ಬಲು ಚೆಂದ, ಎಲ್ಲರಿಗೂ ದನಿಯಿದೆ. ನನಗೆ ಮಾತ್ರ ಹಳೆಯದೇ ಬೇಕು. ಪಕ್ಕದಲ್ಲಿ ಕೂತವರಿಗೆ ಓದಿ ಹೇಳುವ ಅವಕಾಶ ಹೊಸದರಲ್ಲಿ ಇಲ್ಲ.

ಹಳೆಯ ಆಟ ನಿಧಾನ ಎನ್ನುವವರಿದ್ದಾರೆ. ಯುದ್ಧದಲ್ಲೂ ಸರದಿ; ಹೆಸರಿನ ಮುಂದಿನ ಪಟ್ಟಿ ತುಂಬುವ ತನಕ ಕಾಯಬೇಕು. ಮುಂದಿನ ಶತ್ರುವನ್ನು ಎದುರಿಸುವ ಬಲ ಬರಬೇಕಾದರೆ ಅದೇ ಬಯಲಿನಲ್ಲಿ ಅದೇ ಪ್ರಾಣಿಗಳೊಡನೆ ಗಂಟೆಗಟ್ಟಲೆ ಹೋರಾಡುತ್ತಿರಬೇಕು. ಅವ್ವನಿಗೆ ಇದು ಬೇಸರ ತರಿಸುತ್ತಿತ್ತು. ಅಪ್ಪ ಸಮಾಧಾನ ಹೇಳುತ್ತಿದ್ದರು: "ಪ್ರಾಕ್ಟೀಸ್ ಮಾಡ್ತಾವ್ನೆ, ಸುಮ್ನಿರು." ಒಂದೇ ಪದವನ್ನು ನಲವತ್ತು ರಾತ್ರಿ ಹಾಡಿದವರಿಗೆ ಅದರಲ್ಲಿ ವಿವರಿಸುವಂಥದ್ದು ಏನೂ ಇರಲಿಲ್ಲ.

ಕಷ್ಟವಿದ್ದದ್ದು ಕರೆಂಟಿನದು. ನಮ್ಮಲ್ಲಿ ಆಗ ತ್ರೀ ಫೇಸ್ ಬಂದರೆ ಎಲ್ಲರ ಮೋಟರೂ ಒಟ್ಟಿಗೇ ಶುರುವಾಗಿ ಟೀವಿಯ ಚಿತ್ರ ಕುಗ್ಗುತ್ತಿತ್ತು, ಆಮೇಲೆ ಯಾವ ಗಳಿಗೆಯಲ್ಲಾದರೂ ಕತ್ತಲೆ. ಆಡಿದ್ದು ಉಳಿಯಬೇಕಾದರೆ ಮೆಮೊರಿ ಕಾರ್ಡಿಗೆ ಬರೆಸಬೇಕು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಆ ಕಾರ್ಡಿನಲ್ಲಿ ಜಾಗವಿರುವುದು 128 ಕಿಲೋಬೈಟು, ಅದೂ ಹದಿನೈದು ಮನೆಗಳಾಗಿ. ಬಯಲಿನಲ್ಲಿ ಎಲ್ಲಿ ಬೇಕಾದರೂ ಬರೆಸಬಹುದು. ಗುಹೆ, ಕೋಟೆ ಹೊಕ್ಕರೆ ಅಲ್ಲಲ್ಲಿ ಗುರುತು ಮಾಡಿದ ಕಡೆ ಮಾತ್ರ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಚಕ್ರವ್ಯೂಹ ಕೆತ್ತಿದ್ದಾರೆ, ಸುರುಳಿ ಸುತ್ತಿದ ಗೋಡೆಗಳ ನಡುವೆ ಸೈನ್ಯ. ಸ್ಕೂಲಿನ ಪ್ರವಾಸದಲ್ಲಿ ಅದನ್ನು ನೋಡಿದ್ದೆ. ಅಭಿಮನ್ಯು ಒಳಗೆ ಹೋಗುವುದನ್ನಷ್ಟೇ ಬಲ್ಲವನಾಗಿದ್ದ ಎಂಬ ಮಾತಿನ ಭಯ ನನಗೆ ತಟ್ಟಿದ್ದು ಮಾತ್ರ ಆ ಬೇಸಿಗೆಯಲ್ಲಿ, ಒಂದು ಗುಹೆಯ ನಟ್ಟನಡುವೆ ಬಲ್ಬು ಮಿಣುಕಿದಾಗ.

ಮೊದಲ ಸೀಡಿಯ ಕೊನೆಯಲ್ಲಿ ಏರಿಸ್ ಸಾಯುತ್ತಾಳೆ. ಬಡಗೇರಿಯಲ್ಲಿ ಹೂ ಮಾರುತ್ತಿದ್ದ ಹುಡುಗಿ. ಪ್ರಾರ್ಥನೆಗೆ ಕೂತವಳ ಬೆನ್ನಿಗೆ ಮೇಲಿನಿಂದ ಕತ್ತಿ ಇಳಿಯುತ್ತದೆ. ಅವಳ ತಲೆಗೂದಲಿನಿಂದ ಬಿಳಿಯ ಹರಳು ಜಾರಿ, ಮೆಟ್ಟಿಲಿಂದ ಮೆಟ್ಟಿಲಿಗೆ ಪುಟಿಯುತ್ತ ಹೋಗಿ ನೀರಿಗೆ ಬೀಳುತ್ತದೆ. ಕೂಡಲೇ ಯುದ್ಧ ಶುರುವಾದರೂ ಯುದ್ಧದ ಸಂಗೀತ ಬರುವುದಿಲ್ಲ. ನೊಬುವೊ ಉಯೆಮಾತ್ಸು ಅವಳಿಗೆಂದು ಮಾಡಿದ ರಾಗವೇ ಮುಂದುವರಿಯುತ್ತದೆ. ಬಿದ್ದವರನ್ನು ಎಬ್ಬಿಸುವ ಔಷಧಿ ನನ್ನ ಚೀಲದಲ್ಲಿ ಬೇಕಾದಷ್ಟಿತ್ತು. ಅದು ಅವಳಿಗೆ ತಾಗಲಿಲ್ಲ. ಈ ಆಟಗಳ ಸರಣಿಯನ್ನು ಕಟ್ಟಿದ ಹಿರೊನೊಬು ಸಾಕಾಗುಚಿ ಮೂರನೆಯದನ್ನು ಮಾಡುತ್ತಿದ್ದಾಗ ತಾಯಿಯನ್ನು ಕಳೆದುಕೊಂಡರು, ಆಮೇಲೆ ಬದುಕು ಸಾವುಗಳ ವಿಚಾರ ಅವರ ಕೆಲಸವನ್ನು ಬಿಡಲಿಲ್ಲ ಎಂದು ಎಷ್ಟೋ ವರ್ಷದ ಮೇಲೆ ಓದಿದೆ. ಆ ದಿನ ನನಗೆ ಗೊತ್ತಾದದ್ದು ಅಪ್ಪ ಎದ್ದು ಅಂಗಳಕ್ಕೆ ಹೋದದ್ದು, ನಾನು ಸೀಡಿ ಬದಲಾಯಿಸದೆ ಕೂತದ್ದು.

ಎರಡನೇ ಸೀಡಿಯಲ್ಲಿ ನಮ್ಮ ಕರ್ಣ ಜೀವದ ಹೊಳೆಗೆ ಬೀಳುತ್ತಾನೆ. ಅಲ್ಲಿ, ಬಾಲ್ಯದ ಗೆಳತಿ ಟೀಫಾಳ ಎದುರಿಗೆ, ಅವನ ನೆನಪುಗಳೆಲ್ಲ ಬಿಚ್ಚಿಕೊಳ್ಳುತ್ತವೆ. ತಾನು ದೊಡ್ಡ ವೀರ ಎಂದು ಅಲ್ಲಿಯತನಕ ಹೇಳಿಕೊಂಡು ಬಂದದ್ದು ಅವನ ಕಥೆಯೇ ಅಲ್ಲ. ಅದು ಸತ್ತ ಗೆಳೆಯನದು. ಇವನು ನಾಚಿಕೆಯಿಂದ ಮುಖ ಮುಚ್ಚಿಕೊಂಡು ಹಿಂದೆ ನಿಂತಿದ್ದ ಸಾಮಾನ್ಯ ಸಿಪಾಯಿ. ನಾನು ಓದುತ್ತಾ ಹೋದೆ. ಅಪ್ಪ ಉಸಿರು ಬಿಗಿಹಿಡಿದಿದ್ದರು.

"ತಾನು ಯಾರು ಅಂತ ಇವನಿಗೂ ಗೊತ್ತಿರ್ನಿಲ್ವಾ?"

ಕರೆಂಟು ಹೋಯಿತು.

ನಾನು ಕಾರ್ಡಿಗೆ ಬರೆಸಿದ್ದು ಎಷ್ಟೋ ಹಿಂದೆ. ಅಳು ಬಂತು. ಅವ್ವ ಸೀಮೆಎಣ್ಣೆ ದೀಪಕ್ಕೆ ತಡಕಾಡುತ್ತಿದ್ದರು. ಆಗ ಕತ್ತಲಲ್ಲಿ ಅಪ್ಪನ ದನಿ ಶುರುವಾಯಿತು. ಕುಂತಿ ಹೊಳೆಯ ದಡಕ್ಕೆ ಬಂದು ನೀನು ನನ್ನ ಮಗ ಎಂದಾಗ ಕರ್ಣ ಹೇಳುವ ಮಾತು. ಎಂಟೋ ಹತ್ತೋ ವರ್ಷದ ಹಿಂದೆ ಆಡಿದ ನಾಟಕ, ಒಂದಕ್ಷರ ತಪ್ಪಲಿಲ್ಲ. ಮಾತು ಮುಗಿಸಿ, ಶ್ರುತಿಗೆ ಹಾರ್ಮೋನಿಯಂ ಇಲ್ಲದೆಯೇ ಪದವನ್ನೂ ಎತ್ತಿಕೊಂಡರು. ದೀಪ ಹಚ್ಚಿದ ಅವ್ವ ಅದನ್ನು ಎಲ್ಲಿಯೂ ಇಡದೆ ಕೈಯಲ್ಲೇ ಹಿಡಿದು ನಿಂತಿದ್ದರು.

ಮಾರನೆಯ ದಿನ ಹಳೆಯ ಗುರುತಿನಿಂದ ಮತ್ತೆ ಆಡಿದೆ, ಅವೇ ಹೋರಾಟಗಳು, ಅವೇ ಮಾತುಗಳು. ಆ ದೃಶ್ಯ ಬರುವ ಹೊತ್ತಿಗೆ ಅಪ್ಪ ತೋಟದ ಕೆಲಸ ಬಿಟ್ಟು ಬಂದು, ಕಾಲು ತೊಳೆದು, ಟೀವಿಯ ಮುಂದೆ ಕೂತಿದ್ದರು.